ಮಾನ್ಯತೆಗೆ ಎಂಟು ಪದ

ಸಮಾನಾರ್ಥಕ ಪದಗಳೆಂದರೆ ನನಗೆ ವಿಪರೀತ ಹುಚ್ಚು. ಯಾರಾದರೂ ಒಂದು ಪದ ಕೇಳಿದರೆ ಎಂಟು ಹೇಳಬೇಕು, ಹೇಳಿದ ಮೇಲೆ ಅವರ ಮುಖ ಅರಳುವುದನ್ನು ನೋಡಬೇಕು. ಶ್ರೀಗಂಧದ ಕಾವಲಿನ ಒಂದು ಖಾಸಗಿ ಶಾಲೆಯಲ್ಲಿ ಹದಿನಾರು ವರ್ಷದಿಂದ ಕನ್ನಡ ಮೇಷ್ಟ್ರು ನಾನು, ಹೆಸರು ಶಂಭುಲಿಂಗಪ್ಪ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ನಿಘಂಟು’ ಎನ್ನುತ್ತಾರೆ. ಅದು ನನ್ನ ಕಿವಿಗೆ ಬಿದ್ದಿದೆ ಎಂದು ಗೊತ್ತಾದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು ಏನೂ ತಿಳಿಯದವನಂತೆ ಓಡಾಡಿಕೊಂಡಿದ್ದೆ. ನನ್ನ ಜಂಬ ಎಷ್ಟಿತ್ತು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಆ ಜಂಬಕ್ಕೆ ಏನಾಯಿತು ಎಂದು ಈಗ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಶಾಲೆಯ ಕಾರ್ಯದರ್ಶಿ ಮೋಹನ್ ಕುಮಾರ್ ನನ್ನನ್ನು ಕೋಣೆಗೆ ಕರೆದರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ನಮ್ಮ ಶಾಲೆ ನಿಂತಿರುವುದು. ಒಳ್ಳೆಯ ಮನುಷ್ಯ, ನಗುನಗುತ್ತಾ ಮಾತಾಡುತ್ತಾರೆ. ಅವತ್ತೂ ನಗುತ್ತಲೇ ಕಾಫಿ ತರಿಸಿದರು.

“ಸಾರ್, ಈ ವರ್ಷ ನೈಂತು ಟೆಂತು ಶುರು ಮಾಡ್ತಾ ಇದೀವಿ. ಏಯ್ತ್‌ವರೆಗೂ ನಮಗೆ ಮಾನ್ಯತೆ ಇದೆ, ಮೇಲಿಂದಕ್ಕೆ ಅರ್ಜಿ ಹಾಕಿದೀವಿ, ಇನ್ನೂ ಬಂದಿಲ್ಲ. ಪಾಂಪ್ಲೆಟ್‌ನಲ್ಲಿ ‘ಮಾನ್ಯತೆ ಪಡೆದ ಪ್ರೌಢಶಾಲೆ’ ಅಂತ ಹಾಕಿದ್ರೆ ನಾಳೆ ಯಾರಾದ್ರೂ ಹಿಡ್ಕೋತಾರೆ. ಹಾಕ್ದೇ ಇದ್ರೆ ಯಾರೂ ಸೇರಲ್ಲ. ಅದೇ ಥರ ಕೇಳಿಸೋದು, ಆದ್ರೆ ಅದಲ್ಲ, ಅಂಥದ್ದೊಂದು ಪದ ಕೊಡಿ. ನಿಮ್ಮನ್ನ ಬಿಟ್ರೆ ಇನ್ಯಾರ್ ಕೊಡ್ತಾರೆ?”

ನನಗೆ ಆಗ ಅವಮಾನವಾಗಬೇಕಿತ್ತು. ಆಗಲಿಲ್ಲ. ಖುಷಿಯಾಯಿತು! ಹದಿಮೂರು ವರ್ಷದಲ್ಲಿ ಮೊದಲ ಸಲ ಆಡಳಿತ ಮಂಡಳಿಯವರು ಕನ್ನಡ ಮೇಷ್ಟ್ರ ಹತ್ತಿರ ಏನನ್ನೋ ಕೇಳಿದ್ದರು. ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಮೇಜಿನ ಮೇಲಿದ್ದ ಹಾಳೆಯಲ್ಲಿ ಬರೆದುಕೊಟ್ಟೆ: ಅಧಿಕೃತ, ಅಂಗೀಕೃತ, ಅನುಮೋದಿತ, ಸಮ್ಮತ, ಸ್ವೀಕೃತ, ಪುರಸ್ಕೃತ, ಮಂಜೂರಾದ, ಕ್ರಮಬದ್ಧ. ಯಾವುದರ ತೂಕ ಎಷ್ಟು, ಯಾವುದು ಕೋರ್ಟಿನಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ವಿವರಣೆ ಬೇರೆ ಕೊಟ್ಟೆ. ಅವರು ಹೋಟೆಲಿನ ಮೆನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿ ‘ಸಮ್ಮತ’ದ ಮೇಲೆ ಬೆರಳಿಟ್ಟರು. ‘ಸರ್ಕಾರಿ ನಿಯಮ ಸಮ್ಮತ ಪ್ರೌಢಶಾಲೆ’ ಎಂದು ಪಾಂಪ್ಲೆಟ್ ಅಚ್ಚಾಯಿತು. ಆ ಮಾತನ್ನು ಹಿಡಿದುಕೊಂಡು ಯಾವ ಕಚೇರಿಗೆ ಹೋದರೂ ಏನೂ ಹುಟ್ಟುವುದಿಲ್ಲ. ಓದುವುದಕ್ಕೆ ಮಾತ್ರ ಬಹಳ ಗಂಭೀರವಾಗಿತ್ತು.

ಮಾನ್ಯತೆಯಿಲ್ಲದ ಶಾಲೆಯಿಂದ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೇಗೆ ಕೂರುತ್ತಾರೆ ಎಂದು ಕೇಳಬಹುದು. ಅದಕ್ಕೂ ದಾರಿಯಿತ್ತು. ಬಸವೇಶ್ವರನಗರದಲ್ಲಿ ಇನ್ನೊಂದು ಶಾಲೆ. ಅವರಲ್ಲಿ ಮಾನ್ಯತೆ ಇತ್ತು, ಮಕ್ಕಳಿರಲಿಲ್ಲ. ನಮ್ಮಲ್ಲಿ ಮಕ್ಕಳಿದ್ದರು, ಮಾನ್ಯತೆ ಇರಲಿಲ್ಲ. ನಮ್ಮ ಒಂಬತ್ತನೇ ತರಗತಿಯ ಮಕ್ಕಳ ಹೆಸರುಗಳನ್ನು ಅವರ ದಾಖಲಾತಿ ಪುಸ್ತಕದಲ್ಲಿ ಬರೆಯುವುದು, ಪಾಠ ನಾವು ಮಾಡುವುದು, ಪರೀಕ್ಷೆಗೆ ಅವರ ಶಾಲೆಯ ಮಕ್ಕಳೆಂದು ಕೂರಿಸುವುದು. ಲೆಕ್ಕದ ಹಾಜರಿ ಅಲ್ಲಿ ಇಂಕಿನಲ್ಲಿ, ನಿಜವಾದ ಹಾಜರಿ ಇಲ್ಲಿ ಪೆನ್ಸಿಲಿನಲ್ಲಿ. ತಂದೆತಾಯಂದಿರಿಗೆ ಇದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ನಮ್ಮ ಬೀದಿಯ ಕೊನೆಯ ಹೊಂಗೆ ಮರದ ಕೆಳಗೆ ಅಂಜಮ್ಮನ ಇಸ್ತ್ರಿ ಗಾಡಿ. ಗಂಡ ಇಲ್ಲ, ಒಬ್ಬಳೇ ಮಗಳು ರಾಗಿಣಿ, ಎಂಟನೇ ತರಗತಿಯವರೆಗೆ ನಮ್ಮ ಶಾಲೆಯಲ್ಲೇ ಓದಿದವಳು. ಬೇರೆಯವರ ಬಟ್ಟೆಗೆಲ್ಲ ಬರೀ ಇಸ್ತ್ರಿಯಾದರೆ ನನ್ನ ಬಿಳಿ ಶರ್ಟಿಗೆ ಮಾತ್ರ ಅಂಜಮ್ಮ ಮನೆಯಲ್ಲಿ ಗಂಜಿ ಹಾಕಿ ತರುತ್ತಿದ್ದಳು. ಮಗಳಿಗೆ ಅಕ್ಷರ ಹೇಳಿಕೊಡುವವರ ಶರ್ಟು ಮುದುಡಿರಬಾರದು ಎಂಬುದು ಅವಳ ಲೆಕ್ಕ. ಆ ಏಪ್ರಿಲ್‌ನಲ್ಲೇ ಒಂದು ಬೆಳಗ್ಗೆ ಶರ್ಟು ಕೊಡುತ್ತಾ ನಿಂತಳು.

“ಮೇಷ್ಟ್ರೇ, ಒಂದ್ ಮಾತು. ರಾಗಿಣೀನ ಸರ್ಕಾರಿ ಹೈಸ್ಕೂಲ್‌ಗೆ ಹಾಕ್ಲಾ, ಇಲ್ಲಾ ನಿಮ್ಮಲ್ಲೇ ಮುಂದುವರ್ಸ್ಲಾ? ಒಂಬತ್ತು ಹತ್ತಕ್ಕೆ ನಿಮ್ ಸ್ಕೂಲ್‌ಗೆ ಗೌರ್ಮೆಂಟ್ ಪರ್ಮಿಷನ್ ಇದೆಯಾ? ಜನ ಏನೇನೋ ಅಂತಾರೆ. ನಂಗೆ ಪಾಂಪ್ಲೆಟ್‌ ಓದಿ ಅರ್ಥ ಆಗಲ್ಲ. ನೀವ್ ಹೇಳಿದ್ರೆ ಮುಗೀತು.”

ಇದೆ ಅಥವಾ ಇಲ್ಲ. ಎರಡರಲ್ಲಿ ಒಂದು ಹೇಳಿದರೆ ಸಾಕಿತ್ತು. ನಾನು ಹೇಳಿದ್ದೇನು ಗೊತ್ತೇ? “ಎಲ್ಲಾ ನಿಯಮ ಸಮ್ಮತವಾಗೇ ಇದೆ ಅಂಜಮ್ಮಾ.”

“ಹಂಗಂದ್ರೆ ಇದೆ ಅಂತ ತಾನೇ?”

ನಾನು ತಲೆಯಾಡಿಸಿದೆ.

ಅವಳ ಮುಖ ಅರಳಿತು. ಆ ವಾರವೇ ಶಾಲೆಗೆ ಬಂದಳು. ಇಂಗ್ಲಿಷಿನ ಒಂದು ಅರ್ಜಿಯನ್ನು ಕಚೇರಿಯವರು ಅವಳ ಮುಂದಿಟ್ಟರು. ತಲೆಬರಹದಲ್ಲಿ ಬಸವೇಶ್ವರನಗರದ ಆ ಶಾಲೆಯ ಹೆಸರಿತ್ತು. ಅಂಜಮ್ಮ ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವಳು. ಎಲ್ಲಿ ಸಹಿ ಹಾಕಬೇಕೆಂದು ತಿಳಿಯದೆ ಸುತ್ತ ನೋಡಿದಳು. ಅಲ್ಲೇ ಇದ್ದ ನಾನು ಹತ್ತಿರ ಹೋಗಿ, “ಇಲ್ಲಿ ಹಾಕಮ್ಮ” ಎಂದು ಬೆರಳಿಟ್ಟು ತೋರಿಸಿದೆ. ಹೆಸರನ್ನು ಒತ್ತಿ ಒತ್ತಿ ಬರೆದಳು, ‘ಮ್ಮ’ದ ಒತ್ತು ಗೆರೆ ದಾಟಿ ಕೆಳಗಿಳಿದಿತ್ತು.

ರಾಗಿಣಿ ಬುದ್ಧಿವಂತೆ. ಬುದ್ಧಿವಂತೆಯರ ಜೊತೆ ಇದೇ ಕಷ್ಟ. ಅವಳು ಹತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದು ಮೋಹನ್ ಕುಮಾರ್ ಅವರಿಗೆ ಹೇಗೋ ಸುಳಿವು ಸಿಕ್ಕಿತು. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಕಟ್ಟಡದಲ್ಲಿ ಇರುವಂತಿಲ್ಲ. ಎಲ್ಲರನ್ನೂ ಕರೆದುಕೊಂಡು ಮಲ್ಲತ್ತಹಳ್ಳಿ ಕೆರೆಯ ಕಡೆ ಹೋಗಿ, ಮಧ್ಯಾಹ್ನದವರೆಗೂ ಬರಬೇಡಿ ಎಂದು ನನಗೆ ಅಪ್ಪಣೆಯಾಯಿತು. ನಿಸರ್ಗದ ಮಡಿಲಲ್ಲಿ ಪಾಠ ಎಂದು ಮಕ್ಕಳಿಗೆ ಹೇಳಿದೆ. ಅವರೋ ಕುಣಿದುಕೊಂಡು ಬಂದರು. ಕೆರೆ ಏರಿಯ ಮರದ ನೆರಳಲ್ಲಿ ಕೂರಿಸಿ, ಎಂದಿನ ಚಟ, ಸಮಾನಾರ್ಥಕ ಪದ ಶುರು ಮಾಡಿದೆ. ಬಾಯಿಗೆ ಬಂದದ್ದು ‘ಮಾನ್ಯ’. ಮನಸ್ಸಿನೊಳಗೆ ಅದೇ ಕೊರೆಯುತ್ತಿತ್ತೋ ಏನೋ. ಎಂಟೂ ಪದಗಳನ್ನು ಹೇಳಿಸಿದೆ. ಮಕ್ಕಳು ಒಕ್ಕೊರಲಿನಿಂದ ಕೂಗಿದರು. ವಾಕಿಂಗ್ ಬಂದವರು ನಿಂತು ನೋಡಿ ಮೆಚ್ಚಿಕೊಂಡು ಹೋದರು.

ರಾಗಿಣಿ ಮಾತ್ರ ಕೂಗಲಿಲ್ಲ. ಪಾಠ ಮುಗಿದು ಮಕ್ಕಳು ಚುರುಮುರಿಯವನ ಹತ್ತಿರ ಓಡಿದ ಮೇಲೆ ಪಕ್ಕಕ್ಕೆ ಬಂದಳು.

“ಸಾರ್, ಇವತ್ತು ಸ್ಕೂಲ್‌ಗೆ ಆಫೀಸರ್ಸ್ ಬಂದಿದಾರಲ್ವಾ?”

“ಯಾರು ಹೇಳಿದ್ದು?”

“ಲಾಸ್ಟ್ ಇಯರೂ ಹೀಗೇ ಕರ್ಕೊಂಡ್ ಬಂದಿದ್ರಿ. ಅವತ್ತೂ ಬಂದಿದ್ರು.” ಆಮೇಲೆ ಕೇಳಿದಳು, “ನಾವು ಅಲ್ಲಿ ಇರ್ಬಾರ್ದಾ ಸಾರ್?”

ಚುರುಮುರಿ ತಿನ್ನು ಹೋಗಮ್ಮ ಎಂದೆ. ಹದಿನೈದು ವರ್ಷದ ಹುಡುಗಿಯ ಕಣ್ಣನ್ನು ನೋಡಲಾಗದೆ ಕೆರೆಯ ನೀರನ್ನು ನೋಡುತ್ತಾ ನಿಂತಿದ್ದೆ.

ಮಾರ್ಚ್‌ನಲ್ಲಿ ಹಾಲ್ ಟಿಕೆಟ್ ಬಂತು. ಅದರಲ್ಲಿ ಶಾಲೆಯ ಹೆಸರು ಬೇರೆಯದೇ ಇತ್ತು. ಕೆಲವು ಮಕ್ಕಳು ಗಮನಿಸಲೇ ಇಲ್ಲ, ಗಮನಿಸಿದವರಿಗೆ ‘ಅದು ಸೆಂಟರ್ ಹೆಸರು’ ಎಂದು ಕಚೇರಿಯವರು ಹೇಳಿದರು. ಅವತ್ತು ಸಂಜೆ ರಾಗಿಣಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೇಳುತ್ತಾಳೆ, ಏನು ಹೇಳಲಿ ಎಂದು ನಾನು ಒಳಗೊಳಗೇ ತಡಕಾಡುತ್ತಿದ್ದೆ. ಅವಳು ಕೇಳಲಿಲ್ಲ.

“ಸಾರ್, ನಂಗೆಲ್ಲಾ ಗೊತ್ತಾಗಿದೆ. ಪರ್ವಾಗಿಲ್ಲ, ಚೆನ್ನಾಗಿ ಬರೀತೀನಿ. ಆದ್ರೆ ಅಮ್ಮನಿಗೆ ಮಾತ್ರ ಹೇಳ್ಬೇಡಿ ಸಾರ್. ಅಮ್ಮ ಸ್ಕೂಲ್ ನೋಡಿ ಸೇರಿಸಿದ್ದಲ್ಲ, ನಿಮ್ಮನ್ನ ನೋಡಿ ಸೇರಿಸಿದ್ದು. ಗೊತ್ತಾದ್ರೆ ತುಂಬಾ ನೊಂದ್ಕೋತಾರೆ.”

ಆಗಲಿ ಎಂದೆ. ನನ್ನ ಮರ್ಯಾದೆಯನ್ನು ಆ ಹುಡುಗಿ ಕಾಯುತ್ತಿದ್ದಾಳೆ ಎಂದು ನಾಚಿಕೆಯಾಯಿತು. ಸದ್ಯ ಬಚಾವಾದೆ ಎಂದು ಸಮಾಧಾನವೂ ಆಯಿತು. ಸುಳ್ಳು ಹೇಳುವುದಿಲ್ಲ, ಆ ಸಮಾಧಾನವೇ ಹೆಚ್ಚಾಗಿತ್ತು.

ಮೇ ತಿಂಗಳಲ್ಲಿ ಫಲಿತಾಂಶ. ರಾಗಿಣಿಗೆ ಆರುನೂರ ಇಪ್ಪತ್ತೈದಕ್ಕೆ ಆರುನೂರ ಹನ್ನೆರಡು, ಕನ್ನಡದಲ್ಲಿ ನೂರ ಇಪ್ಪತ್ತೈದಕ್ಕೆ ನೂರ ಇಪ್ಪತ್ತೈದು. ಅಂಜಮ್ಮ ಬೀದಿಯ ಎಲ್ಲ ಮನೆಗೂ ಮೈಸೂರು ಪಾಕ್ ಹಂಚಿದಳು. ನಾಲ್ಕನೇ ದಿನ ಬೆಳಗ್ಗೆ ನಮ್ಮ ಮನೆಯ ಗೇಟು ದಬದಬ ಬಡಿದ ಸದ್ದಾಯಿತು. ಅಂಜಮ್ಮ ಏದುಸಿರು ಬಿಡುತ್ತಾ ನಿಂತಿದ್ದಳು.

“ಮೇಷ್ಟ್ರೇ, ಬೇಗ ಶರ್ಟ್ ಹಾಕ್ಕೊಳ್ಳಿ! ಬಸವೇಶ್ವರನಗರಕ್ಕೆ ಇದ್ದಿಲು ತರೋಕ್ ಹೋಗಿದ್ದೆ. ಅಲ್ಲೊಂದು ಸ್ಕೂಲ್‌ನೋರು ನಮ್ ರಾಗಿಣಿ ಫೋಟೋ ಗೇಟ್ ಮೇಲೆ ಇಷ್ಟ್ ದೊಡ್ಡದಾಗಿ ಹಾಕ್ಕೊಂಡವ್ರೆ, ಅವ್ರ ಸ್ಕೂಲ್‌ಗೆ ಫಸ್ಟ್ ಅಂತೆ! ಓದ್ಸಿದ್ದು ನೀವು, ಹೆಸ್ರು ಅವ್ರಿಗಾ? ಬನ್ನಿ, ನೀವ್ ಬಂದು ಎರಡ್ ಮಾತು ಹೇಳಿದ್ರೆ ಬಾಯ್ ಮುಚ್ಕೊಂಡ್ ಫ್ಲೆಕ್ಸ್ ಇಳಿಸ್ತಾರೆ.”

ಶರ್ಟು ಹಾಕಿಕೊಳ್ಳುವ ನೆಪದಲ್ಲಿ ಒಳಗೆ ಹೋಗಿ ಮೋಹನ್ ಕುಮಾರ್ ಅವರಿಗೆ ಫೋನ್ ಮಾಡಿದೆ. “ಏನಾದ್ರೂ ಹೇಳಿ ಮ್ಯಾನೇಜ್ ಮಾಡಿ ಸಾರ್, ನಿಮ್ಮ ಮಾತು ಅಂದ್ರೆ ಅವ್ರಿಗೆ ವೇದವಾಕ್ಯ” ಎಂದು ಇಟ್ಟುಬಿಟ್ಟರು. ಗಂಜಿ ಹಾಕಿದ ಬಿಳಿ ಶರ್ಟು ತೊಟ್ಟು ಹೊರಟೆ. ಹೋಗದೆ ಇರುವುದಕ್ಕೂ ಧೈರ್ಯ ಬೇಕಲ್ಲ.

ಆಟೋದಲ್ಲಿ ಅಂಜಮ್ಮ ಡ್ರೈವರಿಗೆ ನನ್ನ ಪರಿಚಯ ಮಾಡಿಕೊಟ್ಟಳು. “ನಮ್ ಮೇಷ್ಟ್ರು, ಕನ್ನಡ ಪಂಡಿತ್ರು. ನಮ್ ಹುಡ್ಗಿಗೆ ಔಟ್ ಆಫ್ ಔಟ್ ತೆಗೆಸಿದ್ದು ಇವ್ರೇ.” ಡ್ರೈವರ್ ಕನ್ನಡಿಯಲ್ಲಿ ನೋಡಿ ಕೈಮುಗಿದ. ನಾನೂ ಮುಗಿದೆ. ಮಾಗಡಿ ರಸ್ತೆಯುದ್ದಕ್ಕೂ ಟ್ರಾಫಿಕ್ ಇತ್ತು. ಇನ್ನಷ್ಟು ಇರಲಿ, ಆಟೋ ಕೆಟ್ಟು ನಿಂತೇ ಹೋಗಲಿ ಎಂದು ಬೇಡಿಕೊಂಡೆ.

ಆ ಶಾಲೆಯ ಗೇಟಿನ ಮೇಲೆ ರಾಗಿಣಿ ಎರಡು ಜಡೆ ಹಾಕಿಕೊಂಡು ನಗುತ್ತಿದ್ದಳು. ಒಳಗೆ ಮುಖ್ಯೋಪಾಧ್ಯಾಯರು ನಾಗಭೂಷಣ್ ಎಂದು, ಮೃದು ಮಾತಿನವರು. ನನ್ನ ಗುರುತು ಹಿಡಿದರು. ಒಂದೆರಡು ಸಲ ನೋಡಿದ್ದೆವು. ಅಂಜಮ್ಮ ಕೂರದೆ ನಿಂತೇ ಕೇಳಿದಳು.

“ನಮ್ ಹುಡ್ಗಿ ಈ ಗೇಟ್ ಒಳಗೆ ಒಂದ್ ದಿನಾನೂ ಕಾಲಿಟ್ಟಿಲ್ಲ ಸಾರ್. ಅವ್ಳ ಫೋಟೋ ಇಲ್ಲಿ ಯಾಕೆ?”

ನಾಗಭೂಷಣ್ ಬೀರು ತೆಗೆದು ದಾಖಲಾತಿ ಪುಸ್ತಕವನ್ನೂ ಒಂದು ಅರ್ಜಿಯನ್ನೂ ತಂದು ಮುಂದಿಟ್ಟರು. “ರೆಕಾರ್ಡ್ ಪ್ರಕಾರ ನೈಂತಿಂದ ನಮ್ಮ ಸ್ಟೂಡೆಂಟೇ ಅಮ್ಮ. ನೋಡಿ, ನೀವೇ ಸೈನ್ ಹಾಕಿದೀರಲ್ಲ.”

ಅಂಜಮ್ಮ ಬಗ್ಗಿ ನೋಡಿದಳು. ಗೆರೆ ದಾಟಿ ಕೆಳಗಿಳಿದ ಆ ಒತ್ತನ್ನು ನಾನೂ ನೋಡಿದೆ. ಅವಳು ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದಳು. ಸಹಿ ಹಾಕಿದ ದಿನ ನೆನಪಾಯಿತೆಂದು ಅವಳ ಮುಖವೇ ಹೇಳುತ್ತಿತ್ತು. ನಾಗಭೂಷಣ್ ನನ್ನ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು, “ಇದು ಮ್ಯಾನೇಜ್‌ಮೆಂಟ್‌ಗಳು ಮಾತಾಡ್ಕೊಂಡಿರೋ ವಿಷಯ ಅಮ್ಮ. ಪಾಠ ಮಾಡೋ ಸಾರ್‌ಗಳಿಗೆಲ್ಲ ಗೊತ್ತಿರಲ್ಲ.”

ನನ್ನನ್ನು ಉಳಿಸಲೆಂದೇ ಆ ಮಾತು ಹೇಳಿದರು. ಅಂಜಮ್ಮ ಅದನ್ನು ತಕ್ಷಣ ಹಿಡಿದುಕೊಂಡಳು.

“ಮೇಷ್ಟ್ರಿಗೆ ಹೆಂಗ್ ಸಾರ್ ಗೊತ್ತಿರುತ್ತೆ? ಪಾಪ, ಅವ್ರಿಗೂ ಮೋಸ ಮಾಡವ್ರೆ. ಗೊತ್ತಿದ್ದಿದ್ರೆ ನಂಗೆ ಹೇಳ್ದೇ ಇರ್ತಿದ್ರಾ?”

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕಾಫಿ ಬಂತು, ಕುಡಿದೆ. ಇದನ್ನು ಬರೆಯುವಾಗ ಮೈ ಹಿಡಿಯಾಗುತ್ತದೆ. ಆ ಹೆಂಗಸು ಪರರ ಮುಂದೆ ನನ್ನ ಪರವಾಗಿ ವಾದ ಮಾಡುತ್ತಿದ್ದಾಗ ನಾನು ಕಾಫಿ ಕುಡಿದೆ, ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟೆ.

ಹೊರಗೆ ಬಂದು ಫ್ಲೆಕ್ಸಿನ ಕೆಳಗೆ ನಿಂತಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ, ನಿಮ್ಗೂ ಅವಮಾನ ಆಯ್ತು ನನ್ನಿಂದ” ಎಂದಳು. ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

“ನನಗೆ ಗೊತ್ತಿತ್ತು ಅಂಜಮ್ಮಾ.”

“ಏನು?”

“ಎಲ್ಲಾ. ನೀನು ಬಂದು ಕೇಳಿದ ದಿನವೇ ಗೊತ್ತಿತ್ತು. ಮಾನ್ಯತೆ ಇರ್ಲಿಲ್ಲ. ಆ ಅರ್ಜಿ ಈ ಸ್ಕೂಲಿಂದು ಅಂತಾನೂ ಗೊತ್ತಿತ್ತು. ಇಲ್ಲಿ ಸೈನ್ ಹಾಕು ಅಂತ ತೋರಿಸ್ದೋನು ನಾನೇ ಅಲ್ವಾ?”

ಬೈಯಲಿ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಸ್ಸುಗಳು ಹೋದವು. ಅವಳು ಮೇಲೆ ಮಗಳ ಫೋಟೋ ನೋಡಿದಳು, ನನ್ನ ಶರ್ಟಿನ ಕಾಲರ್ ನೋಡಿದಳು, ಮುಖ ನೋಡಲಿಲ್ಲ.

“ಇಲ್ಲ ಅಂದಿದ್ರೆ ಸರ್ಕಾರಿ ಸ್ಕೂಲ್‌ಗೆ ಹಾಕ್ತಿದ್ದೆ. ಅಷ್ಟೇ ತಾನೇ ಮೇಷ್ಟ್ರೇ. ಅಲ್ಲೂ ಓದ್ತಿದ್ಲು ಅವ್ಳು. ಇಲ್ಲ ಅನ್ನೋಕ್ ಎಷ್ಟ್ ಹೊತ್ತಾಗ್ತಿತ್ತು?”

ಅವಳು ಬಸ್ ಸ್ಟಾಪಿನ ಕಡೆ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು.

“ರಾಗಿಣಿಗೆ ಮಾತ್ರ ಇದು ಗೊತ್ತಾಗೋದ್ ಬೇಡ. ಸೆಂಟ್ರು ಇಲ್ಲಿತ್ತು, ಅದಕ್ಕೆ ಫೋಟೋ ಹಾಕವ್ರೆ ಅಂತ ನಾನೇ ಏನೋ ಒಂದು ಹೇಳ್ತೀನಿ. ಮೇಷ್ಟ್ರು ಹಂಗಂದ್ರು, ಮೇಷ್ಟ್ರು ಹಿಂಗಂದ್ರು ಅಂತ ದಿನಾ ಊಟಕ್ಕೆ ಕೂತಾಗ ಅದೇ ಮಾತು ಅವ್ಳಿಗೆ. ಆ ನಂಬಿಕೆ ಯಾಕೆ ಹಾಳ್ ಮಾಡ್ಲಿ? ನೀವು ಆಟೋದಲ್ಲಿ ಹೋಗಿ, ನಾನ್ ಬಸ್ಸಲ್ಲಿ ಬರ್ತೀನಿ.”

ಮನೆಗೆ ಬಂದು ಹೆಂಡತಿ ಬಸವರಾಜೇಶ್ವರಿಗೆ ಎಲ್ಲ ಹೇಳಿದೆ. ದಾವಣಗೆರೆ ಕಡೆಯವಳು, ಮುಲಾಜಿಲ್ಲದೆ ಮಾತಾಡುತ್ತಾಳೆ. “ಕೊನೀಗೆ ನಾನೇ ಹೇಳಿದೆ ಅಂತ ಎದೆ ಉಬ್ಬಿಸ್ಕೊಂಡು ಬಂದೀರೇನು? ಎಲ್ಲಾ ಸಿಕ್ಕಿಬಿದ್ದ ಮೇಲೆ ಹೇಳಿದ್ದು ಹೇಳಿದ್ದಲ್ರೀ” ಎಂದು ಅಡುಗೆಮನೆಗೆ ಹೋದಳು.

ಮರುದಿನ ಮೋಹನ್ ಕುಮಾರ್ ಕೋಣೆಗೆ ಹೋಗಿ, ಈ ಸಲದ ಪಾಂಪ್ಲೆಟ್ ನಾನು ಬರೆದುಕೊಡುವುದಿಲ್ಲ, ತಂದೆತಾಯಂದಿರು ಕೇಳಿದರೆ ಮಾನ್ಯತೆ ಇಲ್ಲ ಎಂದೇ ಹೇಳುತ್ತೇನೆ ಎಂದೆ. ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆ. ಅವರು ಎಂದಿನಂತೆ ನಕ್ಕರು. “ಟೆನ್ಷನ್ ತಗೋಬೇಡಿ ಸಾರ್. ಅಡ್ಮಿಷನ್ ಟೈಮಲ್ಲಿ ನೀವು ರಜಾ ಹಾಕಿ ರೆಸ್ಟ್ ಮಾಡಿ. ಪಾಂಪ್ಲೆಟ್ ಹಳೇದೇ ಇದೆಯಲ್ಲ, ಅದೇ ಮ್ಯಾಟರ್ ಇನ್ನೊಂದ್ಸಲ ಪ್ರಿಂಟ್ ಹಾಕಿಸ್ತೀವಿ.” ಮೇಜಿನ ಗಾಜಿನ ಕೆಳಗೆ ನಾನು ಎಂಟು ಪದ ಬರೆದುಕೊಟ್ಟ ಹಾಳೆ ಇನ್ನೂ ಇತ್ತು. ಕೊಡಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಶನಿವಾರ ಬೆಳಗ್ಗೆ ಮನೆಯ ಬೆಲ್ ಆಯಿತು. ಅಂಜಮ್ಮ ಇನ್ನು ನನ್ನ ಬಟ್ಟೆ ಮುಟ್ಟಲಾರಳು ಎಂದುಕೊಂಡಿದ್ದೆ. ಬಾಗಿಲಲ್ಲಿ ರಾಗಿಣಿ, ಕೈಯಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಬಿಳಿ ಶರ್ಟು.

“ಅಮ್ಮ ಕೊಟ್ಟು ಬಾ ಅಂದ್ರು ಸಾರ್. ಕಾಲೇಜಿಗೆ ಸೋಮವಾರ ಅಪ್ಲಿಕೇಷನ್ ಹಾಕ್ತೀವಿ.” ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿಯುವಷ್ಟರಲ್ಲಿ ಮುಟ್ಟಿಯಾಗಿತ್ತು. ಎದ್ದವಳು ಒಮ್ಮೆ ಬೀದಿಯ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದಳು, “ಅಮ್ಮ ನಿಮ್ಮನ್ನ ಆ ಸ್ಕೂಲ್ ಹತ್ರ ಕರ್ಕೊಂಡ್ ಹೋಗಿದ್ರಂತೆ. ಏನೂ ಗೊತ್ತಾಗ್ಲಿಲ್ಲ ಅಲ್ವಾ ಸಾರ್ ಅವ್ರಿಗೆ?”

ಬೀದಿಯ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಅಂಜಮ್ಮ ಗಾಡಿಯ ಮೇಲೆ ಬಗ್ಗಿ ಯಾರದೋ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಈ ಕಡೆ ನೋಡುತ್ತಿರಲಿಲ್ಲ.

“ಇಲ್ಲಮ್ಮ,” ಎಂದೆ. “ಏನೂ ಗೊತ್ತಾಗಲಿಲ್ಲ.”

“ಸದ್ಯ,” ಎಂದು ಅವಳು ನಕ್ಕಳು, ಮೆಟ್ಟಿಲಿಳಿದು ಓಡಿದಳು. ನಾನು ಬಾಗಿಲು ಹಾಕಿ ಒಳಗೆ ಬಂದೆ. ಶರ್ಟು ಇನ್ನೂ ಬೆಚ್ಚಗಿತ್ತು. ಬೀರುವಿನಲ್ಲಿಟ್ಟಿದ್ದೇನೆ, ಒಂದು ವರ್ಷವಾಯಿತು, ಇನ್ನೂ ಹಾಕಿಕೊಂಡಿಲ್ಲ.